ದರ ಕೂಗುವ ಹೊತ್ತು

ಆದವಾನಿಯ ಮಾರುಕಟ್ಟೆಗೆ ಹತ್ತಿ ತಂದ ರೈತ ದರಕ್ಕಾಗಿ ಕಾಯುತ್ತಾನೆ. ಎದೆ ಡವಡವ, ಅಂಗೈ ಒದ್ದೆ. ಇದು ಪುಕ್ಕಲುತನವಲ್ಲ, ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳ ಕೆಲಸ. ಅಪಾಯ ಕಂಡರೆ ಓಡಲು, ಎದುರಿಸಲು ದೇಹ ಹೀಗೆ ಸಜ್ಜಾಗುತ್ತದೆ. ಆದರೆ ದರ ಬಿದ್ದರೆ ಓಡುವುದೆಲ್ಲಿಗೆ? ಸಾಲ, ಕೈಕೊಟ್ಟ ಮಳೆ, ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋದವರ ಚಿಂತೆ. ತಿಂಗಳುಗಟ್ಟಲೆ ಹೀಗೇ ಇದ್ದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ, ಎದೆಬಡಿತ ತಗ್ಗುತ್ತದೆ. ಸಾಲ ತಗ್ಗುವುದಿಲ್ಲ, ನಿಜ. ಅದಕ್ಕೇ ಲೆಕ್ಕವನ್ನು ಮನೆಯವರ ಮುಂದೆ ಬಿಚ್ಚಿಡಿ. ಒಬ್ಬರೇ ಹೊರುವುದು ನನಗೆ ತೀರ ಅನ್ಯಾಯವೆನಿಸುತ್ತದೆ. ಬದುಕೇ ಬೇಡವೆನಿಸಿದರೆ ತಡಮಾಡದೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.