ಕಳಿಸಿದ ವರದಿ ಕೈಸೇರದಿದ್ದರೆ

(ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಇ-ಮೇಲ್ ವಿಷಯ ಮಾತಾಡುವುದೇಕೆ ಎಂದು ನಿಮಗೆ ಅನಿಸಬಹುದು. ಅದಕ್ಕೆ ಒಂದು ಆಕಳೇ ಕಾರಣ.

ಒಂದು ಮಳೆಗಾಲದಲ್ಲಿ ನಮ್ಮ ಸದಸ್ಯೆಯೊಬ್ಬರ ಮಿಶ್ರತಳಿ ಆಕಳಿಗೆ ಕೆಚ್ಚಲು ಬಾವು ಬಂತು. ಹಾಲಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ಮಾಮೂಲಿ ಔಷಧ ಶುರು ಮಾಡಿದೆ. ಬಾವು ಇಳಿಯಲಿಲ್ಲ. ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ ಎಂಬ ವರದಿಗಾಗಿ ಕಾದೆ. ವರದಿ ಬರಲಿಲ್ಲ. ಹತ್ತನೆಯ ದಿನ ಫೋನು ಮಾಡಿದರೆ, "ನಾಲ್ಕನೆಯ ದಿನವೇ ಇ-ಮೇಲ್ ಮಾಡಿದ್ದೇವಲ್ಲ" ಎಂದರು. ಅಷ್ಟರಲ್ಲಿ ಒಂದು ಮೊಲೆ ಬತ್ತಿ ಹೋಗಿತ್ತು.

ಆಗ ನಾನು ಕೂರುತ್ತಿದ್ದ ಕಚೇರಿಗೆ ಮೂರು ಕಟ್ಟಡ. ಎಲ್ಲರೂ "ಇಂಟರ್‌ನೆಟ್ ಸರಿಯಿಲ್ಲ" ಎಂದು ಕೈತೊಳೆದುಕೊಂಡರು. ಇದು ಆಕಳಿಗೆ "ಮೈ ಸರಿಯಿಲ್ಲ" ಎಂದ ಹಾಗೆ. ರೋಗ ಯಾವುದೆಂದು ಅದರಿಂದ ಗೊತ್ತಾಗುವುದಿಲ್ಲ. ಕೊಟ್ಟಿಗೆಯಲ್ಲಿ ಕೇಳುವ ಪ್ರಶ್ನೆಗಳನ್ನೇ ಅಲ್ಲೂ ಕೇಳಿದೆವು.

ಯಾರಿಗೆ ತೊಂದರೆ? ಹಿಂದಿನ ಕಟ್ಟಡದವರಿಗೆ ಮಾತ್ರ. ಯಾವ ಪತ್ರಕ್ಕೆ? ನಾಲ್ಕು ಸಾಲಿನ ಪತ್ರ ಬರುತ್ತಿತ್ತು; ವರದಿ, ಫೋಟೋ ಲಗತ್ತಿಸಿದ್ದು ಬರುತ್ತಿರಲಿಲ್ಲ. ಅಂಥದೊಂದು ಸಿಕ್ಕಿಕೊಂಡರೆ ಅದರ ಹಿಂದಿನ ಸಣ್ಣ ಪತ್ರಗಳೂ ನಿಲ್ಲುತ್ತಿದ್ದವು. ಯಾವಾಗಿನಿಂದ? ಜೂನ್ ಮಳೆ ಹಿಡಿದ ಮೇಲೆ.

ಮುಂದಿನ ಕಟ್ಟಡದ ಕಂಪ್ಯೂಟರಿನಲ್ಲಿ ನನ್ನದೇ ಅಂಚೆಪೆಟ್ಟಿಗೆ ತೆರೆದರೆ, ವರದಿ ನಾಲ್ಕನೆಯ ದಿನದಿಂದ ಅಲ್ಲೇ ಬಿದ್ದಿತ್ತು. ಅಂದರೆ ಕಳಿಸಿದವರ ತಪ್ಪಿಲ್ಲ, ವಿಳಾಸವೂ ಸರಿ. ಸರ್ವರ್ ಪತ್ರವನ್ನು ಪಡೆದುಕೊಂಡಿದ್ದರಿಂದ ಅವರಿಗೆ ವಾಪಸಾತಿ ಸೂಚನೆಯೂ ಹೋಗಿರಲಿಲ್ಲ. ರೋಗ ಇದ್ದದ್ದು ಎರಡು ಕಟ್ಟಡಗಳ ನಡುವಿನ ತಂತಿಯಲ್ಲಿ. ಇಂಥ ತಾಮ್ರದ ತಂತಿಗೆ 100 ಮೀಟರ್ ಮಿತಿ. ತೆಂಗಿನ ಮರಗಳ ಮೇಲೆ ಹಾದು ಬಂದ ನಮ್ಮ ತಂತಿ 130 ಮೀಟರ್ ದಾಟಿತ್ತು. ಉಪ್ಪುಗಾಳಿಗೆ ಪ್ಲಗ್ಗಿನ ಹಲ್ಲುಗಳು ಕಿಲುಬು ಹಿಡಿದಿದ್ದವು. ದಾರಿಯಲ್ಲಿ ತುಣುಕುಗಳು ಕಳೆದುಹೋಗುತ್ತಿದ್ದವು. ಸಣ್ಣ ಪತ್ರ ಹೇಗೋ ದಾಟುತ್ತಿತ್ತು. ದೊಡ್ಡದು ಪೂರ್ತಿ ಇಳಿಯುವ ಮೊದಲೇ ಗಡುವು ಮುಗಿಯುತ್ತಿತ್ತು. ಕಟ್ಟಡಗಳ ನಡುವೆ ಗಾಜಿನ ಎಳೆಯ ಆಪ್ಟಿಕಲ್ ಫೈಬರ್ ಹಾಕಿಸಿದ ಮೇಲೆ ಸರಿಯಾಯಿತು. ಗಾಜಿನಲ್ಲಿ ವಿದ್ಯುತ್ ಹರಿಯದ್ದರಿಂದ, ಸಿಡಿಲಿನ ಹೊಡೆತ ಅದರ ಮೂಲಕ ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ನಮ್ಮ ಕರಾವಳಿಗೆ ಇದು ಸಣ್ಣ ಲಾಭವಲ್ಲ.

ಕಾರ್ಯದರ್ಶಿಗಳು ಕೆಲವು ಮಾತು ಗಮನದಲ್ಲಿಡಬೇಕು.

1. ಪತ್ರ ವಾಪಸು ಬಂದರೆ ಅಳಿಸಬೇಡಿ, ಓದಿ. ಅದರಲ್ಲಿ ಮೂರಂಕಿಯ ಸಂಖ್ಯೆ ಇರುತ್ತದೆ. 4ರಿಂದ ಶುರುವಾದರೆ ತಾತ್ಕಾಲಿಕ ಅಡಚಣೆ. ಸರ್ವರ್ ತಾನೇ ಮತ್ತೆ ಮತ್ತೆ ಯತ್ನಿಸುತ್ತದೆ, ಕೆಲವೊಮ್ಮೆ ನಾಲ್ಕೈದು ದಿನ. 5ರಿಂದ ಶುರುವಾದರೆ ನಿರಾಕರಣೆ. ಹಾಗೇ ಮತ್ತೆ ಕಳಿಸಿ ಫಲವಿಲ್ಲ. 550 ಬಂದರೆ ಮೊದಲು ವಿಳಾಸದ ಅಕ್ಷರ ನೋಡಿ. 552 ಎಂದರೆ ಸಾಮಾನ್ಯವಾಗಿ ಪೆಟ್ಟಿಗೆ ತುಂಬಿದೆ ಅಥವಾ ಪತ್ರ ತೀರ ದೊಡ್ಡದು.

2. ಲಗತ್ತಿಸಿದ ಫೋಟೋ ಪ್ರಯಾಣದಲ್ಲಿ ಮೂರನೇ ಒಂದು ಪಾಲು ಹಿಗ್ಗುತ್ತದೆ. 20 ಎಂ.ಬಿ. ಇದ್ದದ್ದು ಸುಮಾರು 27 ಆಗುತ್ತದೆ; 25ರ ಮಿತಿ ಇರುವಲ್ಲಿ ಹೋಗದು. ವಿಮೆಗಾಗಿ ಕಿವಿಯೋಲೆಯ ಫೋಟೋ ಕಳಿಸುವಾಗ ಗಾತ್ರ ಇಳಿಸಿ, ಆದರೆ ನಂಬರು ಓದುವಂತಿರಲಿ.

3. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ: ಬೇರೆ ಕಂಪ್ಯೂಟರು, ಬೇರೆ ತಂತಿ, ಸಣ್ಣ ಪತ್ರ. ಎಲ್ಲ ಔಷಧ ಒಟ್ಟಿಗೆ ಕೊಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಸದಸ್ಯರಿಗೆ ನನ್ನ ಮಾತು ಒಂದೇ. ಮಾದರಿ ಕೊಟ್ಟ ದಿನವೇ ವರದಿ ಎಂದು ಬರುತ್ತದೆಂದು ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ದಾಟಿದರೆ ಸಂಘಕ್ಕೆ ಬನ್ನಿ, ನನಗೆ ಫೋನು ಮಾಡಿ, ಸಂಕೋಚ ಬೇಡ. ಅಂದು ತಂತಿಯದು ಅರ್ಧ ತಪ್ಪು. ಐದನೆಯ ದಿನವೇ ಫೋನು ಮಾಡಿ ವಿಚಾರಿಸದ ನನ್ನದು ಉಳಿದರ್ಧ. ಆ ಅಕ್ಕ ನನ್ನನ್ನು ಬಯ್ಯಲಿಲ್ಲ. "ಉಳಿದ ಮೂರು ಮೊಲೆ ಉಂಟಲ್ಲ ಡಾಕ್ಟ್ರೇ" ಎಂದರು. ಬೈದಿದ್ದರೇ ವಾಸಿಯಿತ್ತು.