ವ್ಯಾಪಾರಸ್ಥರಿಗೆ ಗಣಕ ಪರಿಭಾಷೆ: ಪದದ ಅರ್ಥ, ಹಣದ ರಕ್ಷಣೆ



ವ್ಯಾಪಾರ ವೃತ್ತಿಗೆ ತನ್ನದೇ ಆದ ಪರಿಭಾಷೆಯೊಂದು ಎಂದಿನಿಂದಲೂ ಇದೆ. ಕಿರ್ದಿ, ಖಾತೆ, ಜಮಾ, ಖರ್ಚು, ಉದ್ರಿ, ಶಿಲ್ಕು ಮುಂತಾದ ಶಬ್ದಗಳ ಅರ್ಥವನ್ನು ತಿಳಿಯದವನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳಲು ಅರ್ಹನಲ್ಲವೆಂದು ಹಿರಿಯರು ಭಾವಿಸುತ್ತಿದ್ದರು. ಜಮಾ ಯಾವುದು, ಖರ್ಚು ಯಾವುದು ಎಂಬುದನ್ನು ಮೊದಲು ಕಲಿಸಿ, ಅನಂತರವೇ ಮಗನ ವಶಕ್ಕೆ ಬೀಗದ ಕೈಯನ್ನು ಒಪ್ಪಿಸುವುದು ವಾಡಿಕೆಯಾಗಿತ್ತು. ಇಂದು ಆ ಶಬ್ದಗಳ ಸಾಲಿಗೆ ಯುಪಿಐ, ಕ್ಯೂಆರ್ ಕೋಡ್, ಪಿನ್, ಒಟಿಪಿ, ಬ್ಯಾಕಪ್, ಕ್ಲೌಡ್ ಮೊದಲಾದ ಹೊಸ ಪದಗಳು ಸೇರಿಕೊಂಡಿವೆ. ಆದರೆ ಇವುಗಳ ವಿಷಯದಲ್ಲಿ ಕ್ರಮವು ತಲೆಕೆಳಗಾಗಿದೆ. ಪದದ ಅರ್ಥವನ್ನು ಕಲಿಯುವುದಕ್ಕೆ ಮುಂಚೆಯೇ ಬೀಗದ ಕೈ ಎಲ್ಲರ ಕೈಸೇರಿದೆ. ಅಪಾಯವು ಇರುವುದು ಇಲ್ಲಿಯೇ.

ಇದನ್ನು ಸ್ಪಷ್ಟಪಡಿಸಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಮುಂಬಯಿಯ ಮಾಟುಂಗದಲ್ಲಿ ಉಡುಪಿ ಕಡೆಯವರೊಬ್ಬರು ಉಪಾಹಾರ ಗೃಹವನ್ನು ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಬೆಳಗಿನ ಗಿರಾಕಿಗಳ ಗದ್ದಲದ ನಡುವೆ ಒಂದು ದೂರವಾಣಿ ಕರೆ ಬರುತ್ತದೆ. ಮಾತನಾಡುವವನು ತನ್ನನ್ನು ಸೈನ್ಯದ ಅಧಿಕಾರಿಯೆಂದು ಪರಿಚಯಿಸಿಕೊಂಡು, ನೂರು ಮಂದಿಯ ಊಟಕ್ಕೆ ಬೇಡಿಕೆ ಸಲ್ಲಿಸುತ್ತಾನೆ. ಮುಂಗಡ ಹಣವನ್ನು ಈಗಲೇ ಕಳುಹಿಸುವುದಾಗಿಯೂ, ತಾನು ಕಳುಹಿಸುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಜಮಾ ಆಗುವುದಾಗಿಯೂ ತಿಳಿಸುತ್ತಾನೆ. ಮಾಲೀಕರು ಹಾಗೆಯೇ ಮಾಡುತ್ತಾರೆ. ಹಣವು ಜಮಾ ಆಗುವುದಿಲ್ಲ, ಖರ್ಚಾಗುತ್ತದೆ. ಈ ಬಗೆಯ ವಂಚನೆಗಳು ದೇಶದ ಅನೇಕ ಕಡೆಗಳಲ್ಲಿ ನಡೆದಿವೆ. ಇಲ್ಲಿ ಯಂತ್ರವು ತಪ್ಪು ಮಾಡಲಿಲ್ಲ. ಪಿನ್ ಎಂಬ ಒಂದು ಪದದ ಅರ್ಥವು ತಿಳಿಯದಿದ್ದುದೇ ನಷ್ಟಕ್ಕೆ ಕಾರಣವಾಯಿತು.

ಆದುದರಿಂದ ಪ್ರತಿಯೊಂದು ತಾಂತ್ರಿಕ ಪದವನ್ನೂ ಅದರ ಯಂತ್ರವಿದ್ಯೆಯ ದೃಷ್ಟಿಯಿಂದ ಕಲಿಯುವುದಕ್ಕಿಂತ, ಅದು ಅಂಗಡಿಯಲ್ಲಿ ಯಾವ ಸ್ಥಳದಲ್ಲಿರಬೇಕಾದ ವಸ್ತು ಎಂಬ ದೃಷ್ಟಿಯಿಂದ ಕಲಿಯುವುದು ವ್ಯಾಪಾರಸ್ಥನಿಗೆ ಹೆಚ್ಚು ಉಪಯುಕ್ತ. ಕೆಲವು ಸಂಗತಿಗಳು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಕೆಲವು ತಿಜೋರಿಯಲ್ಲಿರಬೇಕು. ಇನ್ನು ಕೆಲವು ಯಜಮಾನನ ಮನಸ್ಸಿನಲ್ಲಿ ಮಾತ್ರ ಇರಬೇಕು.

ಮೊದಲಿಗೆ ಗೋಡೆಯ ಮೇಲಿರಬಹುದಾದವುಗಳನ್ನು ಪರಿಶೀಲಿಸಬಹುದು. ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದಾಗಿನಿಂದ ನೋಂದಾಯಿತ ವ್ಯಾಪಾರಸ್ಥನಿಗೆ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆಯನ್ನು ನೀಡಲಾಗುತ್ತಿದೆ. ಅದರ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33, ತೆಲಂಗಾಣಕ್ಕೆ 36, ದೆಹಲಿಗೆ 07. ಮುಂದಿನ ಹತ್ತು ಅಕ್ಷರಾಂಕಗಳು ಆದಾಯ ತೆರಿಗೆಯ ಪ್ಯಾನ್ ಸಂಖ್ಯೆಯೇ ಆಗಿವೆ. ಕೊನೆಯದು ತಾಳೆ ನೋಡುವ ಅಂಕ. ಹಿಂದಿನವುಗಳಲ್ಲಿ ಒಂದನ್ನು ತಪ್ಪಾಗಿ ಬರೆದರೆ ಗಣಕವು ಇದರ ನೆರವಿನಿಂದ ದೋಷವನ್ನು ಗುರುತಿಸುತ್ತದೆ. ಬೆಂಗಳೂರಿನಿಂದ ಪುಣೆಗೆ ಕಾಫಿಪುಡಿ ತರಿಸುವ ವರ್ತಕನು ಬಿಲ್ಲಿನಲ್ಲಿ ಮಾರಾಟಗಾರನ ಸಂಖ್ಯೆಯು 29ರಿಂದ ಆರಂಭವಾಗಿದೆಯೇ ಎಂದು ನೋಡುವುದು ಒಂದು ಸುಲಭವಾದ ಮೊದಲ ಪರೀಕ್ಷೆ. ಈ ಸಂಖ್ಯೆಯನ್ನು ಅಂಗಡಿಯ ನಾಮಫಲಕದಲ್ಲಿ ಪ್ರದರ್ಶಿಸಬೇಕೆಂಬುದು ನಿಯಮವೇ ಆಗಿರುವುದರಿಂದ ಇದರಲ್ಲಿ ಗೋಪ್ಯವೇನೂ ಇಲ್ಲ.

ಎರಡನೆಯದು ಯುಪಿಐ ವಿಳಾಸ. ಯುಪಿಐ ಎಂಬುದು ಬ್ಯಾಂಕ್ ಖಾತೆಯಿಂದ ಬ್ಯಾಂಕ್ ಖಾತೆಗೆ ಕ್ಷಣಮಾತ್ರದಲ್ಲಿ ಹಣವನ್ನು ವರ್ಗಾಯಿಸುವ ವ್ಯವಸ್ಥೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಇದನ್ನು ರೂಪಿಸಿ, 2016ರ ಏಪ್ರಿಲ್‌ನಲ್ಲಿ ಆರಂಭಿಸಿತು. ಅನೇಕರು ಯುಪಿಐ ಎಂದರೆ ದೂರವಾಣಿಯಲ್ಲಿರುವ ಯಾವುದೋ ಒಂದು ಆ್ಯಪ್ ಎಂದು ಭಾವಿಸಿದ್ದಾರೆ. ಇದು ಸರಿಯಲ್ಲ. ಆ್ಯಪ್ ಎಂಬುದು ಬಸ್ಸಾದರೆ, ಯುಪಿಐ ಎಂಬುದು ರಸ್ತೆ. ಬೇರೆ ಬೇರೆ ಕಂಪನಿಗಳ ಬಸ್ಸುಗಳು ಒಂದೇ ರಸ್ತೆಯಲ್ಲಿ ಚಲಿಸುತ್ತವೆ. ಯುಪಿಐ ವಿಳಾಸವು ಆ ರಸ್ತೆಯಲ್ಲಿರುವ ಅಂಗಡಿಯ ಬಾಗಿಲ ಸಂಖ್ಯೆ ಇದ್ದಂತೆ. ಅದನ್ನು ತಿಳಿದವನು ಹಣವನ್ನು ಕಳುಹಿಸಬಲ್ಲನೇ ಹೊರತು, ಅದೊಂದರಿಂದಲೇ ಹಣವನ್ನು ತೆಗೆದುಕೊಳ್ಳಲಾರನು.

ಮೂರನೆಯದು ಕ್ಯೂಆರ್ ಕೋಡ್. ಕಪ್ಪು ಬಿಳಿ ಚೌಕಗಳ ಈ ಚಿತ್ರವನ್ನು 1994ರಲ್ಲಿ ಜಪಾನಿನ ಡೆನ್ಸೋ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಮತ್ತು ಅವರ ಸಹೋದ್ಯೋಗಿಗಳು ಸಿದ್ಧಪಡಿಸಿದರು. ಮೋಟಾರು ವಾಹನಗಳ ಬಿಡಿಭಾಗಗಳನ್ನು ಗುರುತಿಸುವುದು ಅದರ ಮೂಲ ಉದ್ದೇಶವಾಗಿತ್ತು. ಕ್ಯೂಆರ್ ಕೋಡ್ ಎಂದರೆ ಯಂತ್ರವು ಓದುವ ಬರವಣಿಗೆ, ಅಷ್ಟೇ. ಅಂಗಡಿಯ ಮೇಜಿನ ಮೇಲಿರುವ ಕೋಡಿನಲ್ಲಿ ಅಂಗಡಿಯ ಯುಪಿಐ ವಿಳಾಸವು ಬರೆದಿರುತ್ತದೆ. ಆದುದರಿಂದ ಕೋಡನ್ನು ಸ್ಕ್ಯಾನ್ ಮಾಡುವವನು ಹಣ ಕೊಡುವವನು. ಕೋಡನ್ನು ತೋರಿಸುವವನು ಹಣ ಪಡೆಯುವವನು. ಈ ಒಂದು ವಾಕ್ಯವು ನೆನಪಿನಲ್ಲಿದ್ದರೆ, ಹಣ ಪಡೆಯಲು ಸ್ಕ್ಯಾನ್ ಮಾಡಬೇಕೆಂದು ಹೇಳುವವನು ವಂಚಕನೆಂಬುದು ಆ ಕ್ಷಣವೇ ತಿಳಿಯುತ್ತದೆ.

ಯಂತ್ರವು ಓದಬಲ್ಲ ಈ ಬರವಣಿಗೆಯನ್ನು ಮನುಷ್ಯನು ಕಣ್ಣಿನಿಂದ ಓದಲಾರ ಎಂಬುದು ಇದರ ದೌರ್ಬಲ್ಯ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋದಲ್ಲಿ ಕೆಲವು ಅಂಗಡಿಗಳ ಕೋಡುಗಳ ಮೇಲೆ ರಾತ್ರಿ ವೇಳೆಯಲ್ಲಿ ಬೇರೆ ಕೋಡುಗಳನ್ನು ಅಂಟಿಸಿ, ಗಿರಾಕಿಗಳ ಹಣವು ಅನ್ಯರ ಖಾತೆಗೆ ಹೋಗುವಂತೆ ಮಾಡಲಾಗಿತ್ತು. ಪ್ರತಿದಿನ ಬಾಗಿಲು ತೆರೆದೊಡನೆ ದೀಪ ಹಚ್ಚುವಂತೆಯೇ, ಅಂಗಡಿಯ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿ ಯಾರ ಹೆಸರು ಬರುವುದೆಂದು ನೋಡುವ ಅಭ್ಯಾಸವು ಒಳ್ಳೆಯದು. ಹಾಗೆಯೇ ಗಿರಾಕಿಯು ತನ್ನ ದೂರವಾಣಿಯಲ್ಲಿ ತೋರಿಸುವ ಪಾವತಿಯ ಚಿತ್ರವು ರಸೀದಿಯಲ್ಲ. ಅಂಥ ಚಿತ್ರಗಳನ್ನು ಕೃತಕವಾಗಿ ಸೃಷ್ಟಿಸಬಹುದು. ಅಂಗಡಿಯ ಸ್ವಂತ ಖಾತೆಯಲ್ಲಿ ಜಮಾ ಕಂಡುಬಂದರೆ ಮಾತ್ರ ಹಣ ಬಂದಂತೆ.

ಇನ್ನು ತಿಜೋರಿಯಲ್ಲಿರಬೇಕಾದವುಗಳು. ಹಿಂದೆ ಲೆಕ್ಕದ ಪುಸ್ತಕಗಳು ಸುಟ್ಟುಹೋದರೆ ಯಾರು ಎಷ್ಟು ಉದ್ರಿ ಕೊಡಬೇಕೆಂಬುದೇ ತಿಳಿಯದೆ ವರ್ತಕನು ದಿವಾಳಿಯಾಗುವ ಸಂಭವವಿತ್ತು. ಇಂದು ಲೆಕ್ಕವು ಗಣಕದಲ್ಲಿದೆ. ಗಣಕದಲ್ಲಿರುವ ಲೆಕ್ಕ, ಪತ್ರ, ಚಿತ್ರಗಳಿಗೆ ಒಟ್ಟಾಗಿ ಡೇಟಾ ಅಥವಾ ದತ್ತಾಂಶವೆಂದು ಹೆಸರು. ಅದರ ಮತ್ತೊಂದು ಪ್ರತಿಯನ್ನು ಬೇರೆಡೆ ಇರಿಸುವುದೇ ಬ್ಯಾಕಪ್. ಅದೇ ಗಣಕದಲ್ಲಿ ಇನ್ನೊಂದು ಪ್ರತಿಯನ್ನು ಇಟ್ಟರೆ ಅದು ಬ್ಯಾಕಪ್ ಎನಿಸಿಕೊಳ್ಳುವುದಿಲ್ಲ. ಒಂದೇ ತಿಜೋರಿಯಲ್ಲಿ ಎರಡು ಪುಸ್ತಕಗಳನ್ನಿಟ್ಟರೆ ಬೆಂಕಿಗೆ ಎರಡೂ ಆಹುತಿಯಾಗುತ್ತವೆ. ಒಂದು ಪ್ರತಿಯು ಅಂಗಡಿಯಲ್ಲಿದ್ದರೆ, ಇನ್ನೊಂದು ಮನೆಯಲ್ಲಿ ಗಣಕದಿಂದ ಬಿಡಿಸಿಟ್ಟ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕಿನಲ್ಲಿರಬೇಕು.

ಕ್ಲೌಡ್ ಎಂಬ ಪದದ ಅರ್ಥ ಮೋಡ. ಆದರೆ ದತ್ತಾಂಶವು ಆಕಾಶದಲ್ಲಿ ಎಲ್ಲಿಯೂ ತೇಲುತ್ತಿರುವುದಿಲ್ಲ. ಅದು ಯಾವುದೋ ನಗರದ ಕಟ್ಟಡದಲ್ಲಿರುವ ಸರ್ವರ್ ಎಂಬ ದೊಡ್ಡ ಗಣಕದಲ್ಲಿರುತ್ತದೆ. ಬೇರೆಯವರ ಗೋದಾಮಿನಲ್ಲಿ ಬಾಡಿಗೆಗೆ ಜಾಗ ಹಿಡಿದು ಸರಕು ಇಟ್ಟಂತೆ ಇದು. ಬಾಡಿಗೆ ಎಷ್ಟು, ಅದನ್ನು ನಿಲ್ಲಿಸಿದರೆ ಸರಕು ಏನಾಗುತ್ತದೆ, ಗೋದಾಮಿನ ಬೀಗದ ಕೈ ಯಾರ ಬಳಿ ಇದೆ ಎಂಬ ಮೂರು ಪ್ರಶ್ನೆಗಳನ್ನು ಒಪ್ಪಂದಕ್ಕೆ ಮುಂಚೆಯೇ ಕೇಳಬೇಕು. ಲೆಕ್ಕ ಬರೆಯುವ ಗುಮಾಸ್ತನ ಸ್ವಂತ ಹೆಸರಿನಲ್ಲಿ ಕ್ಲೌಡ್ ಖಾತೆಯನ್ನು ತೆರೆಯುವುದು ಸೂಕ್ತವಲ್ಲ. ಅವನು ಕೆಲಸ ಬಿಟ್ಟ ದಿನ ಅಂಗಡಿಯ ಲೆಕ್ಕವೂ ಅವನೊಂದಿಗೆ ಹೋಗುವ ಪ್ರಸಂಗ ಬರಬಹುದು.

ಅಪ್‌ಡೇಟ್ ಎಂಬ ಸೂಚನೆಯು ತೆರೆಯ ಮೇಲೆ ಮೂಡಿದಾಗ ಅದನ್ನು ನಾಳೆಗೆ ಮುಂದೂಡುವವರೇ ಹೆಚ್ಚು. ಅಪ್‌ಡೇಟ್ ಎಂದರೆ ಗಣಕದ ಕಾರ್ಯಕ್ರಮದಲ್ಲಿ ಕಂಡುಬಂದ ಬಿರುಕುಗಳಿಗೆ ತಯಾರಕರು ಕಳುಹಿಸುವ ದುರಸ್ತಿ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಹಾವಳಿಯು ಸುಮಾರು 150 ದೇಶಗಳ ಗಣಕಗಳನ್ನು ತಟ್ಟಿತು. ದತ್ತಾಂಶಕ್ಕೆ ಬೀಗ ಜಡಿದು, ಬಿಡಿಸಲು ಹಣ ಕೇಳುವ ಇಂಥ ದುಷ್ಟ ಕಾರ್ಯಕ್ರಮಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳು ಮೊದಲೇ, ಅಂದರೆ ಮಾರ್ಚ್‌ನಲ್ಲಿಯೇ ದುರಸ್ತಿಯನ್ನು ಒದಗಿಸಿತ್ತು. ಅದನ್ನು ಅಳವಡಿಸಿಕೊಳ್ಳದ ಗಣಕಗಳೇ ಹಾವಳಿಗೆ ತುತ್ತಾದವು. ಬ್ಯಾಕಪ್ ಇದ್ದವರು ತಮ್ಮ ಲೆಕ್ಕವನ್ನು ಮರಳಿ ಪಡೆಯಬಹುದಾಗಿತ್ತು.

ಕೊನೆಯದಾಗಿ, ಮನಸ್ಸಿನಲ್ಲಿ ಮಾತ್ರ ಇರಬೇಕಾದವುಗಳು. ಇವು ಎಲ್ಲಕ್ಕಿಂತ ಮುಖ್ಯವಾದವು. ಯುಪಿಐ ಪಿನ್ ಎಂಬುದು 4 ಅಥವಾ 6 ಅಂಕಿಗಳ ಗುಪ್ತ ಸಂಖ್ಯೆ. ಇದು ಚೆಕ್ಕಿನ ಮೇಲಿನ ಸಹಿಗೆ ಸಮಾನ. ಹಣವನ್ನು ಕಳುಹಿಸಲು ಅಥವಾ ತನ್ನ ಖಾತೆಯ ಶಿಲ್ಕನ್ನು ನೋಡಲು ಮಾತ್ರ ಇದು ಬೇಕಾಗುತ್ತದೆ. ಹಣವನ್ನು ಪಡೆಯಲು ಎಂದಿಗೂ ಬೇಡ. ಚೆಕ್ಕನ್ನು ಪಡೆಯುವವನು ಅದರ ಮೇಲೆ ಕೊಡುವವನ ಜಾಗದಲ್ಲಿ ಸಹಿ ಮಾಡುವ ಪದ್ಧತಿಯು ಎಲ್ಲಿಯೂ ಇಲ್ಲ. ಮಾಟುಂಗದ ಉದಾಹರಣೆಯಲ್ಲಿ ಮಾಲೀಕರು ಮಾಡಿದ್ದು ಅದನ್ನೇ.

ಒಟಿಪಿ ಎಂದರೆ ಒಂದೇ ಬಾರಿ ಬಳಸುವ ಗುಪ್ತ ಸಂಖ್ಯೆ. ವ್ಯವಹಾರ ಮಾಡುತ್ತಿರುವವನು ಖಾತೆದಾರನೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಬ್ಯಾಂಕು ಇದನ್ನು ದೂರವಾಣಿಗೆ ಕಳುಹಿಸುತ್ತದೆ. ತಾನು ಯಾವ ವ್ಯವಹಾರವನ್ನೂ ಆರಂಭಿಸದೆ ಒಟಿಪಿ ಬಂದರೆ, ಬೇರೆ ಯಾರೋ ಬಾಗಿಲು ತಟ್ಟುತ್ತಿದ್ದಾರೆಂದು ತಿಳಿಯಬೇಕು. ಅದನ್ನು ಬ್ಯಾಂಕಿನ ಸಿಬ್ಬಂದಿಯೆಂದು ಹೇಳಿಕೊಳ್ಳುವವರಿಗೂ ತಿಳಿಸಬಾರದು. ಯಾವ ಬ್ಯಾಂಕೂ ಅದನ್ನು ಕೇಳುವುದಿಲ್ಲ.

ಫಿಶಿಂಗ್ ಎಂಬ ಪದವು ಮೀನು ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿರುವ ಮಾತಿನಿಂದ ಹುಟ್ಟಿದ್ದು. ಕರಾವಳಿಯವರಿಗೆ ಗಾಳದ ಪರಿಚಯವಿದೆ. ಎರೆಯು ಕಾಣುತ್ತದೆ, ಕೊಕ್ಕೆಯು ಕಾಣುವುದಿಲ್ಲ. ಖಾತೆ ಸ್ಥಗಿತವಾಗಿದೆ, ಕೆವೈಸಿ ಮುಗಿದಿದೆ, ವಿದ್ಯುತ್ ಕಡಿತವಾಗಲಿದೆ ಎಂಬ ಸಂದೇಶಗಳೊಂದಿಗೆ ಬರುವ ಲಿಂಕ್ ಅಂಥ ಗಾಳವಾಗಿರಬಹುದು. ಇಂಥ ನಕಲಿ ತಾಣಗಳನ್ನು ಗುರುತಿಸಲು ನೆರವಾಗಲೆಂದು ರಿಸರ್ವ್ ಬ್ಯಾಂಕು, 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳ ಜಾಲತಾಣದ ವಿಳಾಸವು ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವಂತೆ ಬದಲಾಯಿಸಬೇಕೆಂದು ಸೂಚಿಸಿತು. ಮದುವೆಯ ಆಮಂತ್ರಣವೆಂಬ ಹೆಸರಿನಲ್ಲಿ ಬರುವ ಕಡತದ ಕೊನೆಯಲ್ಲಿ ಎಪಿಕೆ ಎಂಬ ಮೂರು ಅಕ್ಷರಗಳಿದ್ದರೆ ಅದು ಆಮಂತ್ರಣವಲ್ಲ, ದೂರವಾಣಿಯೊಳಗೆ ಬಂದು ನೆಲೆಸುವ ಕಾರ್ಯಕ್ರಮ. ಅದನ್ನು ತೆರೆಯಬಾರದು. ಡಿಜಿಟಲ್ ಅರೆಸ್ಟ್ ಎಂಬ ಬಂಧನವು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ವೀಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ಧರಿಸಿ ಬೆದರಿಸುವವನ ಕರೆಯನ್ನು ಕೂಡಲೇ ಕತ್ತರಿಸಬೇಕು.

ಹೊರನಾಡಿನ ಕನ್ನಡಿಗರು ಇಲ್ಲಿ ಒಂದು ವಿಶೇಷ ಸಂಗತಿಯನ್ನು ಗಮನಿಸಬೇಕು. ದೆಹಲಿಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ವ್ಯವಹಾರದ ಮಾತು ಅನ್ಯ ಭಾಷೆಯಲ್ಲಿ ಅವಸರದಿಂದ ನಡೆಯುತ್ತದೆ. ಅವಸರವೇ ವಂಚಕನ ಬಂಡವಾಳ. ಭೀಮ್ ಮೊದಲಾದ ಆ್ಯಪ್‌ಗಳಲ್ಲಿ ಕನ್ನಡವನ್ನು ಆರಿಸಿಕೊಳ್ಳುವ ಸೌಲಭ್ಯವಿದೆ. ಹಣ ಪಾವತಿಸುವ ಮತ್ತು ಪಡೆಯುವ ಸೂಚನೆಗಳನ್ನು ಮಾತೃಭಾಷೆಯಲ್ಲಿಯೇ ನಿಧಾನವಾಗಿ ಓದಬಲ್ಲವನು ಸುಲಭವಾಗಿ ಮೋಸಹೋಗುವುದಿಲ್ಲ. ಅಂಗಡಿಯ ಹಿರಿಯರಿಗೆ, ಮನೆಯ ತಾಯಂದಿರಿಗೆ ಈ ವ್ಯವಸ್ಥೆಯನ್ನು ಮಾಡಿಕೊಡುವುದು ಮನೆಯ ಕಿರಿಯರ ಕರ್ತವ್ಯ.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಹಣ ಕಳೆದುಹೋದರೆ ನಾಚಿಕೆಯಿಂದ ಸುಮ್ಮನಿರುವುದು ಎರಡನೆಯ ತಪ್ಪಾಗುತ್ತದೆ. ಹೋದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಶೀಘ್ರವಾಗಿ ಸಾಗುತ್ತಿರುತ್ತದೆ. ಅದು ಎಲ್ಲಿಯಾದರೂ ನಿಂತಿರುವಾಗಲೇ ತಡೆಹಿಡಿಯಬೇಕು. ಇದಕ್ಕಾಗಿ ಭಾರತ ಸರ್ಕಾರವು 1930 ಎಂಬ ಸಹಾಯವಾಣಿಯನ್ನೂ, ಸೈಬರ್ ಅಪರಾಧಗಳ ರಾಷ್ಟ್ರೀಯ ದೂರು ಜಾಲತಾಣವನ್ನೂ ಏರ್ಪಡಿಸಿದೆ. ಕರೆ ಮಾಡುವಾಗ ವ್ಯವಹಾರದ ಸಂಖ್ಯೆ, ದಿನಾಂಕ, ವೇಳೆ, ಮೊತ್ತ ಇವು ಸಿದ್ಧವಾಗಿರಬೇಕು. ಅದೇ ವೇಳೆಗೆ ತನ್ನ ಬ್ಯಾಂಕಿಗೂ ತಿಳಿಸಬೇಕು. ಗಣಕದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವವರಿಗೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಡಿ ಕಲಮಿನ ಪ್ರಕಾರ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದಾಗಿದೆ.

ಹೊಸ ಪದಗಳು ಇನ್ನು ಮುಂದೆಯೂ ಬರುತ್ತಲೇ ಇರುತ್ತವೆ. ಅವೆಲ್ಲವನ್ನೂ ಕಂಠಪಾಠ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ, ಅದರ ಅವಶ್ಯಕತೆಯೂ ಇಲ್ಲ. ಪ್ರತಿ ಹೊಸ ಪದ ಕಿವಿಗೆ ಬಿದ್ದಾಗಲೂ ಎರಡು ಪ್ರಶ್ನೆಗಳನ್ನು ಹಾಕಿಕೊಂಡರೆ ಸಾಕು. ಇದರಿಂದ ಹಣವು ಒಳಗೆ ಬರುತ್ತದೆಯೋ, ಹೊರಗೆ ಹೋಗುತ್ತದೆಯೋ? ಇದರ ಸ್ಥಾನ ಗೋಡೆಯೋ, ತಿಜೋರಿಯೋ, ಮನಸ್ಸೋ? ಉತ್ತರ ದೊರೆಯುವವರೆಗೆ ಗುಂಡಿಯನ್ನು ಒತ್ತದಿರುವುದೇ ವಿವೇಕ. ಜಮಾ ಖರ್ಚುಗಳ ಭೇದವನ್ನು ಅರಿತ ಮೇಲೆಯೇ ಬೀಗದ ಕೈ ಹಿಡಿಯಬೇಕೆಂಬ ಹಿರಿಯರ ನಿಯಮವು ಗಣಕದ ಕಾಲಕ್ಕೂ ಅಷ್ಟೇ ಸಲ್ಲುತ್ತದೆ.