ಕಂಪವಾತ: ನಡೆಯೂ ನುಡಿಯೂ

(ಮಾಧವರಂನಲ್ಲಿ ಸೇರಿದ್ದ ಕನ್ನಡಿಗರ ಮುಂದೆ ಮಾಡಿದ ಭಾಷಣ)



ರಾಜ್ಯೋತ್ಸವದಂದು ನುಡಿಯನ್ನು ಕುರಿತು ಮಾತನಾಡುವುದು ವಾಡಿಕೆ. ನಾನು ನಡೆ ನುಡಿಗಳೆರಡನ್ನೂ ಕುಗ್ಗಿಸುವ ಒಂದು ರೋಗವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಆಯುರ್ವೇದದವರು ಅದನ್ನು ಕಂಪವಾತವೆನ್ನುತ್ತಾರೆ. ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಅದರ ಲಕ್ಷಣಗಳನ್ನು ವಿವರಿಸಿದುದರಿಂದ ಲೋಕದಲ್ಲಿ ಆತನ ಹೆಸರೇ ನಿಂತಿದೆ.

ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುವುದೇ ಇದರ ಮುಖ್ಯ ಲಕ್ಷಣಗಳಿಗೆ ಮೂಲ. ಕೈನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಮೈ ಬಿಗಿಯುವುದು, ಹೆಜ್ಜೆ ಕಿರಿದಾಗುವುದು, ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾಗುವುದು, ದನಿ ತಗ್ಗುವುದು, ಇವೂ ಬಾಳನ್ನು ಬಹಳ ಕೆಡಿಸುತ್ತವೆ. ಮುಖದಲ್ಲಿ ಭಾವ ಕುಂದುವುದರಿಂದ, ಅಜ್ಜನಿಗೆ ಯಾವುದರಲ್ಲೂ ಆಸಕ್ತಿಯಿಲ್ಲವೆಂದು ಮನೆಯವರು ತಪ್ಪು ತಿಳಿಯುವುದೂ ಉಂಟು.

ಇದರ ಔಷಧದ ಚರಿತ್ರೆಯಲ್ಲಿ ಈ ಊರಿಗೂ ಪಾಲುಂಟು. ಮುಟ್ಟಿದರೆ ನವೆ ಹತ್ತುವ ನಸುಗುನ್ನಿಯ ಬೀಜದಿಂದ ಲೆವೊಡೋಪವನ್ನು ಬೇರ್ಪಡಿಸಿದ ಸಂಗತಿಯನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿಯವರು 1937ರಲ್ಲಿ ಪ್ರಕಟಿಸಿದರು. 1961ರಲ್ಲಿ ವಿಯೆನ್ನಾದ ವೈದ್ಯರು ಲೆವೊಡೋಪವನ್ನು ರೋಗಿಗಳಿಗೆ ಕೊಟ್ಟು ಗುಣ ಕಂಡರು. ಇಂದಿಗೂ ಅದೇ ಮುಖ್ಯ ಔಷಧ. ಹಾಗೆಂದು ಬೀಜವನ್ನು ಪುಡಿಮಾಡಿ ತಾವೇ ನುಂಗತಕ್ಕದ್ದಲ್ಲ. ಪ್ರಮಾಣವನ್ನು ವೈದ್ಯರೇ ನಿರ್ಣಯಿಸಬೇಕು.

ಗುಳಿಗೆಯೊಂದೇ ಸಾಲದು. ರೋಗ ನಿರ್ಮೂಲವಾಗದಿದ್ದರೂ ವ್ಯಾಯಾಮದಿಂದ ಬಾಳು ಹಗುರವಾಗುತ್ತದೆ. ಮದ್ದು ಹತ್ತಿದ ಹೊತ್ತಿನಲ್ಲಿ ದಿನವೂ ಕೈ ಬೀಸಿ, ಹೆಜ್ಜೆ ದೊಡ್ಡದಾಗಿಟ್ಟು ನಡೆಯಬೇಕು. ತಾನಾಗಿ ಹೊರಡದ ಕಾಲು, ಕಣ್ಣಿಗೊಂದು ಗೆರೆಯೋ ಕಿವಿಗೊಂದು ತಾಳವೋ ಸಿಕ್ಕಿದರೆ ಎಷ್ಟೋ ವೇಳೆ ಹೊರಡುತ್ತದೆ. ನೆಲದ ಮೇಲೆ ಹೆಜ್ಜೆಗೊಂದರಂತೆ ಅಡ್ಡಗೆರೆ ಎಳೆಯಿರಿ; ಆದಿತಾಳ ಹಾಕುತ್ತ ಜೊತೆಯಲ್ಲಿ ನಡೆಯಿರಿ. ಅಭ್ಯಾಸಬಲದಿಂದ ತಾನಾಗಿ ಸಾಗುವ ನಡಿಗೆ ಕೆಟ್ಟಿದ್ದರೂ, ಗಮನವಿಟ್ಟು ನಡೆಯುವ ಶಕ್ತಿ ಉಳಿದಿರುತ್ತದೆ. ಆದುದರಿಂದಲೇ ನಡೆಯುವಾಗ ಹರಟೆ ಬೇಡ, ಕೈಯಲ್ಲಿ ಕಾಫಿ ಲೋಟವೂ ಬೇಡ. ತಿರುಗುವಾಗ ನಿಂತಲ್ಲೇ ಗಿರ್ರನೆ ತಿರುಗದೆ ಅರ್ಧಚಂದ್ರಾಕಾರವಾಗಿ ಸುತ್ತಿ ಬರಲಿ. ಕಾಲು ಅಂಟಿದಾಗ ಕೈಹಿಡಿದು ಎಳೆಯಬೇಡಿರಿ. ನಿಂತು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ, ಬಳಿಕ ದೊಡ್ಡ ಹೆಜ್ಜೆಯಿಡಲಿ. ಬಚ್ಚಲಲ್ಲಿ ಹಿಡಿಕೆಯ ಸರಳು, ಮಣೆಯ ಬದಲು ಎತ್ತರದ ಕುರ್ಚಿ ಇರಲಿ. ದನಿಗೂ ಸಾಧನೆ ಬೇಕು: ಕುಮಾರವ್ಯಾಸನ ಭಾರತವನ್ನು ದಿನವೂ ಗಟ್ಟಿಯಾಗಿ ಓದಿಸಿರಿ. ನುಂಗುವುದು ಕಷ್ಟವಾದರೆ, ಬಿದ್ದರೆ, ತಡಮಾಡದೆ ವೈದ್ಯರಿಗೆ ತಿಳಿಸಿರಿ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಅಂಗಿಯ ಗುಂಡಿಯನ್ನು ಅವರೇ ಹಾಕಿಕೊಳ್ಳಲಿ. ಐದು ನಿಮಿಷ ಹೆಚ್ಚಾದರೆ ಆಗಲಿ. ಕೈ ನಡುಗುತ್ತದೆಂಬ ನಾಚಿಕೆಯಿಂದ ಎಷ್ಟೋ ಹಿರಿಯರು ಮದುವೆಗೂ ಸಭೆಗೂ ಬರುವುದನ್ನು ಬಿಟ್ಟುಬಿಡುತ್ತಾರೆ. ಹೊರನಾಡಿನಲ್ಲಿರುವ ನಮಗೆ ಇದು ಇಮ್ಮಡಿ ನಷ್ಟ. ಮನೆಯ ಹೊರಗೆ ನಾಲ್ಕು ಮಾತು ಕನ್ನಡ ಕೇಳುವ ಸ್ಥಳವೂ ಅವರಿಗೆ ತಪ್ಪಿಹೋಗುತ್ತದೆ. ವಾರಕ್ಕೊಂದು ಸಂಜೆ ಇಂಥವರನ್ನು ಕರೆತಂದು, ತಾಳಕ್ಕೆ ನಡೆಸಿ, ಗಮಕ ಓದಿಸುವ ಏರ್ಪಾಡು ನಮ್ಮ ಸಂಘದಿಂದ ಆಗಲಾರದೆ? ಒಂದು ಜಮಖಾನೆಯನ್ನು ಸುತ್ತಿ ಬದಿಗಿಟ್ಟು, ನೆಲಕ್ಕೆ ಹತ್ತು ಗೆರೆ ಎಳೆದರೆ ಆರಂಭಕ್ಕೆ ಸಾಕು. ಈ ಭಾರವನ್ನು ಹೊರಲು ಮುಂದೆ ಬರುವ ತರುಣರು ಇಂದೇ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕೆಂದು ಪ್ರಾರ್ಥಿಸಿ ಮುಗಿಸುತ್ತೇನೆ.